ಹುಲಿಕೆರೆ ಅಡಿಗಲ್ಲಿನ ದನಿ

ಅರಸೀಕೆರೆಯ ಕಮ್ಮಾರ ಕಾಳಾಚಾರಿಗೂ ದೇವರು ಎಲ್ಲರಿಗೆ ಕೊಟ್ಟ ಹಾಗೆ ಎರಡೇ ಕಿವಿ ಕೊಟ್ಟಿದ್ದ. ಆದರೆ ಅವನು ಅವನ್ನು ಎರಡು ಬಿರುದುಗಳ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದ. ಕಾದ ಕಬ್ಬಿಣ ಇಟ್ಟು ಬಡಿಯುವ ಯಾವ ಹಳೆಯ ಅಡಿಗಲ್ಲನ್ನಾದರೂ ಅವನ ಮುಂದೆ ತಂದಿಡಿ. ಅದು ಹತ್ತು ಜನ ಕಮ್ಮಾರರ ಏಟು ತಿಂದು ಸವೆದದ್ದಾಗಿರಲಿ, ಯಾವುದೋ ತೋಟದ ಪಂಪ್‌ಹೌಸಿನ ಬಾಗಿಲಿಗೆ ಒತ್ತುಕೊಟ್ಟು ತುಕ್ಕು ಹಿಡಿದದ್ದಾಗಿರಲಿ, ಅವನು ಅದರ ಬೆನ್ನ ಮೇಲೆ ಒಂದು ಚಿಟಿಕೆ ಬೂದಿ ಉದುರಿಸಿ, ಸುತ್ತಿಗೆಯಿಂದ ಒಂದೇ ಏಟು ಹೊಡೆದು, ತಲೆ ವಾಲಿಸಿ, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದ. “ಇದು ಬೀಡು. ಎರಕ ಹೊಯ್ದಿರೋದು. ತೂಕಕ್ಕೆ ಬಿಟ್ರೆ ಇನ್ಯಾತಕ್ಕೂ ಬರಲ್ಲ.” ಇಲ್ಲವೇ, “ಇದು ಇಂಗ್ಲಿಷ್‌ನೋರ ಮಾಲು ಕಣ್ರೀ. ಮೆತ್ತನೆ ಕಬ್ಬಿಣದ ಮೈಗೆ ಉಕ್ಕಿನ ತಟ್ಟೆ ಕಾಯಿಸಿ ಬೆಸ್ದವ್ರೆ. ರೈಲು ಬಂದಾಗ ಬಂದಿದ್ದು.” ಆ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ.

ಈ ತೀರ್ಪುಗಳನ್ನು ಹೆಚ್ಚಾಗಿ ಕೇಳಿಸಿಕೊಳ್ಳುತ್ತಿದ್ದವನು ಕೊಬ್ಬರಿ ವ್ಯಾಪಾರಿ ಬಸವಕುಮಾರ್. ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ಪಂಚಾಯ್ತಿ ಚುನಾವಣೆಯ ಹುಚ್ಚು. ಅವನಿಗೆ ಹಳೆಯ ಅಡಿಗಲ್ಲುಗಳ ಹುಚ್ಚು. ಮಂಡಿಯ ಗೋದಾಮಿನಲ್ಲಿ ಕೊಬ್ಬರಿ ಮೂಟೆಗಳ ಹಿಂದೆ ಅವನ್ನು ಸಾಲಾಗಿ ನಿಲ್ಲಿಸಿ, ಭಾನುವಾರ ಎಣ್ಣೆ ಒರೆಸುತ್ತಿದ್ದ. ಅವನದು ಕಣ್ಣಿನ ವಿದ್ಯೆ. ಫೋನಿನಲ್ಲಿ ಓದಿ ಓದಿ ಕಲಿತದ್ದು. ಅಡಿಗಲ್ಲಿನ ಪಕ್ಕೆಗೆ ಸೀಮೆಸುಣ್ಣ ತಿಕ್ಕಿದರೆ ಸವೆದ ಅಂಕಿಗಳು ಮೇಲೇಳುತ್ತವೆ. ಹಳೆಯ ಇಂಗ್ಲಿಷ್ ಅಡಿಗಲ್ಲಿನಲ್ಲಿ ಮೂರು ಅಂಕಿ ಇರುತ್ತವೆ, ಮೊದಲನೆಯದು ನೂರಹನ್ನೆರಡು ಪೌಂಡಿನ ಲೆಕ್ಕ, ಎರಡನೆಯದು ಅದರ ಕಾಲುಪಾಲಿನ ಲೆಕ್ಕ, ಮೂರನೆಯದು ಬಿಡಿ ಪೌಂಡು. ಪಕ್ಕದಲ್ಲಿ ದೇಶದ ಹೆಸರು ಒತ್ತಿರದಿದ್ದರೆ ಇನ್ನೂ ಹಳೆಯದು. ಸೊಂಟದಲ್ಲಿ ಚೌಕನೆಯ ತೂತಿದ್ದರೆ ಅದು ಎರಕವಲ್ಲ, ಕುಲುಮೆಯಲ್ಲಿ ಸರಳು ಸಿಕ್ಕಿಸಿ ಹಿಡಿದು ಬಡಿದು ಮಾಡಿದ್ದು. ಹೀಗೆ ಅವನು ಇಸವಿಯ ಹತ್ತಿರಕ್ಕೆ ಬರುತ್ತಿದ್ದ. ಆದರೆ ಕೊಳ್ಳುವ ಹೊತ್ತಿಗೆ ಕಾಳಾಚಾರಿ ತಲೆ ಆಡಿಸಿದರೆ ಮಾತ್ರ ಕೊಳ್ಳುತ್ತಿದ್ದ. “ಅಕ್ಷರನ ಯಾರ್ ಬೇಕಾದ್ರೂ ಕೆತ್ತಬೌದು ಸಾವ್ಕಾರ್ರೇ, ದನೀನ ಯಾರೂ ಕೆತ್ತಕ್ಕಾಗಲ್ಲ” ಎಂದು ಕಾಳಾಚಾರಿ ಹೇಳಿದರೆ ಬಸವಕುಮಾರ್ ನಕ್ಕು ಒಪ್ಪಿಕೊಳ್ಳುತ್ತಿದ್ದ.

ಬಸವಕುಮಾರನಿಗೆ ಅದು ಹವ್ಯಾಸ. ಕಾಳಾಚಾರಿ ಮಾತ್ರ ಹೋದ ವರ್ಷದಿಂದ ಒಂದೇ ಒಂದು ಅಡಿಗಲ್ಲನ್ನು ಹುಡುಕುತ್ತಿದ್ದ. ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ ಅವನ ಅಣ್ಣನ ಕುಲುಮೆಯಿಂದ ಕಳುವಾದ ಮನೆತನದ ಅಡಿಗಲ್ಲು ಅದು.

ಅವನ ಮುತ್ತಾತ ಅರಸೀಕೆರೆಯಲ್ಲಿ ರೈಲು ಹಳಿ ಹಾಕುವವರ ಜೊತೆ ಮೊಳೆ ಬಡಿಯುತ್ತಿದ್ದನಂತೆ. ಕೆಲಸ ಮುಗಿದಾಗ ಆ ಅಡಿಗಲ್ಲನ್ನು ಎತ್ತಿನ ಗಾಡಿಯಲ್ಲಿ ಹುಲಿಕೆರೆಗೆ ತಂದನಂತೆ. ಅಲ್ಲಿಂದ ಮುಂದೆ ಮೂರು ತಲೆಮಾರು ಬಳಿದ ಎಣ್ಣೆ, ಮಸಿ, ಅರಿಶಿನ, ಕುಂಕುಮ ಅದರ ಪಕ್ಕೆಯ ಮೇಲೆ ಇನ್ನೊಂದು ಚರ್ಮದ ಹಾಗೆ ಕೂತುಬಿಟ್ಟಿತ್ತು. ಅದರಡಿ ಏನು ಬರೆದಿದೆ ಎಂದು ಮನೆಯಲ್ಲಿ ಯಾರೂ ಕೆರೆದು ನೋಡಿರಲಿಲ್ಲ. ದೇವರ ಮೈ ಕೆರೆಯುವವರು ಯಾರು? ಅಪ್ಪ ಎಡಚ, ಅಣ್ಣ ವೀರಾಚಾರಿಯೂ ಎಡಚ. ಇಬ್ಬರ ಎಡಗೈ ಏಟಿಗೆ ಅದರ ಬೆನ್ನು ಬೇರೆಯವರ ಅಡಿಗಲ್ಲು ಸವೆಯದ ಕಡೆ ಸವೆದಿತ್ತು. ಒಂದು ಮೂಲೆ ಚೂರು ಒಡೆದಿತ್ತು.

ಆ ಮನೆಯ ಕಟ್ಟಳೆಯಂತೆ ಪಾಲಾಗುವಾಗ ಅಡಿಗಲ್ಲು ಹಿರಿಯನಿಗೆ, ಗಾಳಿ ಊದುವ ತಿದಿ ಕಿರಿಯನಿಗೆ. ಕಾಳಾಚಾರಿ ತಿದಿ ಹೊತ್ತುಕೊಂಡು ಅರಸೀಕೆರೆಗೆ ಬಂದು ಬೇರೆ ಅಡಿಗಲ್ಲು ಕೊಂಡು ಕುಲುಮೆ ಹೂಡಿದ. ಮನಸ್ಸಿನಲ್ಲಿ ಒಂದಿಷ್ಟು ಹುಳಿ ಇದ್ದೇ ಇತ್ತು. ಆದರೂ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಹುಲಿಕೆರೆಗೆ ಹೋಗುವುದನ್ನು ಬಿಡಲಿಲ್ಲ. ಏಕೆಂದರೆ ಅವತ್ತು ಆ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವುದು ಗೋಡೆಯ ಮೇಲಿನ ಪಟಕ್ಕಲ್ಲ, ಅಡಿಗಲ್ಲಿಗೆ. ಉಳಿದ ದಿನ ಬರೀ ಅಡಿಗಲ್ಲಿಗೆ ಸುತ್ತಿಗೆ ತಾಕಿಸುವಂತಿಲ್ಲ. ಕಾದ ಕಬ್ಬಿಣವಿರಬೇಕು, ಇಲ್ಲದಿದ್ದರೆ ಚಿಟಿಕೆ ಬೂದಿಯಾದರೂ ಇರಬೇಕು. ತಾಕಿಸಿದರೆ ಸತ್ತವರು ಊಟಕ್ಕೆ ಕರೆದರೆಂದು ಎದ್ದು ಬಂದು ಬರೀ ಹೊಟ್ಟೆಯಲ್ಲಿ ವಾಪಸು ಹೋಗುತ್ತಾರೆ ಎಂಬ ನಂಬಿಕೆ. ಅಮಾವಾಸ್ಯೆಯ ದಿನ ಮಾತ್ರ ಎಡೆ ಇಟ್ಟು, ಬರೀ ಅಡಿಗಲ್ಲಿಗೆ ಹೊಡೆದು, ಆ ದನಿಯಿಂದಲೇ ಹಿರಿಯರನ್ನು ಕರೆಯುವುದು. ಹೆಸರು ಹಿಡಿದು ಕೂಗುವ ಪದ್ಧತಿಯೇ ಇಲ್ಲ. ದನಿ ಕೇಳಿದರೆ ಬರುತ್ತಾರೆ.

ಆ ದನಿ ಎಂಥದೆಂದು ವೀರಾಚಾರಿಯ ಹೆಂಡತಿ ವೆಂಕಟಲಕ್ಷ್ಮಮ್ಮನನ್ನು ಕೇಳಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಹುಲಿಕೆರೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತ ಕೂತಿದ್ದರೆ ಕುಲುಮೆಯ ದನಿ ಅಲ್ಲಿಗೆ ಬರುತ್ತಿತ್ತು, ಕಲ್ಲಿನ ಮೆಟ್ಟಿಲಿಗೆ ತಾಕಿ ಇನ್ನೊಂದು ಸಲ ಕೇಳುತ್ತಿತ್ತು. ಹಳೇಬೀಡಿನ ಶಿಲ್ಪಿಗಳ ಉಳಿ ಹದ ಮಾಡುವಾಗ ಒಂದು ಬಗೆ, ಗುದ್ದಲಿ ಬಡಿಯುವಾಗ ಇನ್ನೊಂದು ಬಗೆ. ದನಿ ನಿಂತರೆ ಗಂಡನಿಗೆ ಹಸಿವಾಯಿತೆಂದು ಲೆಕ್ಕ. ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡು ಅವಳು ಮುದ್ದೆ ತಿರುವಲು ಓಡುತ್ತಿದ್ದಳು. ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಅದೊಂದೇ.

ವೀರಾಚಾರಿ ಎದೆನೋವಿನಿಂದ ತೀರಿಕೊಂಡ. ಮರುವರ್ಷದ ಅಮಾವಾಸ್ಯೆಗೆ ಅಡಿಗಲ್ಲಿಗೆ ಎಡೆ ಇಟ್ಟು ಅಣ್ಣನನ್ನು ಕರೆದದ್ದು ಕಾಳಾಚಾರಿಯೇ. ಆ ದೀಪಾವಳಿಯ ಹೊತ್ತಿಗೆ ಅತ್ತಿಗೆ ಬೇಲೂರಿನಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಹೋದವಳು ವಾಪಸು ಬಂದು ನೋಡಿದರೆ ಕುಲುಮೆಯ ಬಾಗಿಲ ಕೊಂಡಿ ತೆಗೆದಿದೆ, ಅಡಿಗಲ್ಲು ಕೂರಿಸಿದ್ದ ಮರದ ಕೊರಡು ಮಾತ್ರ ಉಳಿದಿದೆ. ಬೀಗ ಹಾಕದೆ ಬರೀ ಕೊಂಡಿ ಸಿಕ್ಕಿಸಿ ಹೋಗಿದ್ದವಳು ಅವಳೇ. ಅದಕ್ಕೆ ಅವಳು ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ. ಈ ವರ್ಷ ಪಿತೃಪಕ್ಷ ಹತ್ತಿರ ಬಂದಂತೆ ಕಾಳಾಚಾರಿ ಹೋದಾಗಲೆಲ್ಲ ಅದೇ ಮಾತು.

“ನಿಮ್ಮಣ್ಣ ಉಪವಾಸ ಇರ್ತಾರೆ ಕಾಳಪ್ಪ. ನಾನ್ ಕೈಯಾರ ಉಪವಾಸ ಕೆಡವ್ದೆ.”

“ಬೇರೆ ಅಡಿಗಲ್ಲು ಇಟ್ಟು ಎಡೆ ಮಾಡಾನ ಅತ್ಗೆ.”

“ಬೇರೇರ ಮನೆ ಬಾಗ್ಲಲ್ಲಿ ನಿಂತು ಕರೆದ್ರೆ ಅವ್ರು ಬತ್ತಾರಾ? ನಮ್ಮನೇದು ಸಿಗೋಗಂಟ ನಾನ್ ಎಡೆ ಇಕ್ಕಲ್ಲ.”

ಕಾಳಾಚಾರಿ ಎದೆ ತಟ್ಟಿಕೊಂಡು ಮಾತು ಕೊಟ್ಟಿದ್ದ. “ಅದರ ದನಿ ನನ್ ಕಿವೀಲಿ ಐತೆ ಅತ್ಗೆ. ಸಾವ್ರ ಅಡಿಗಲ್ಲು ಗುಡ್ಡೆ ಹಾಕ್ಲಿ, ಒಂದೇಟಿಗೆ ಹೇಳ್ತೀನಿ. ದನಿ ಇದ್ರೆ ನಮ್ದು. ದನಿ ಇಲ್ದಿದ್ರೆ ಯಾರ್ ಏನ್ ಹೇಳಿದ್ರೂ ಅದು ನಮ್ದಲ್ಲ, ಇಷ್ಟು ತಿಳ್ಕ.”

“ನಾನೂ ಬತ್ತೀನಿ, ನಾನೂ ಗುರುತು ಹಿಡೀತೀನಿ” ಎಂದಿದ್ದಳು ಅವಳು.

“ಗುಜರಿ ಅಂಗಡೀಲಿ ನಿಂಗೇನ್ ಕೆಲಸ? ನಾನಿಲ್ವಾ?” ಎಂದಿದ್ದ ಇವನು.

ಅಮಾವಾಸ್ಯೆಗೆ ಇನ್ನು ಕೆಲವೇ ದಿನ ಇದ್ದಾಗ ಬಸವಕುಮಾರ್ ಮಧ್ಯಾಹ್ನದ ಬಿಸಿಲಿನಲ್ಲಿ ಸ್ಕೂಟರು ನಿಲ್ಲಿಸಿ, “ಆಚಾರ್ರೇ, ಹತ್ತಿ. ತಿಪಟೂರು ರಸ್ತೆ ಕೆಂಚಪ್ಪನ ಗುಜರೀಲಿ ಒಂದು ಬಂದಿದೆ. ಹಳೇಬೀಡು ಕಡೆ ಮಾಲಂತೆ” ಎಂದ. ಕಾಳಾಚಾರಿ ಕೈಯಲ್ಲಿದ್ದ ಇಕ್ಕಳವನ್ನು ಎಸೆದು, ತನ್ನ ಸುತ್ತಿಗೆ ಹಿಡಿದು ಹಿಂದೆ ಹತ್ತಿದ.

ಕೆಂಚಪ್ಪನ ಗುಜರಿಯಲ್ಲಿ ಕರಗಿಸುವ ಕಾರ್ಖಾನೆಗೆ ಹೋಗುವ ಲಾರಿ ನಿಂತಿತ್ತು. ಆಳುಗಳು ಸೈಕಲ್ಲಿನ ಎಲುಬು, ಬೋರ್‌ವೆಲ್ಲಿನ ಪೈಪು, ಮುರಿದ ನೇಗಿಲು ಎಸೆಯುತ್ತಿದ್ದರು. ಒಂದು ಮೂಲೆಯಲ್ಲಿ ಗ್ಯಾಸ್ ಹಚ್ಚಿ ಯಾರೋ ಟ್ರ್ಯಾಕ್ಟರಿನ ಅಚ್ಚು ಕೊಯ್ಯುತ್ತಿದ್ದ. ಅಡಿಗಲ್ಲು ನೆಲದ ಮೇಲೆ ಕೊಂಬು ಚಾಚಿಕೊಂಡು ಬಿದ್ದಿತ್ತು. ಯಾರೋ ತಂತಿ ಬ್ರಷ್ಷಿನಲ್ಲಿ ಮೈಯೆಲ್ಲ ತಿಕ್ಕಿ ಹಾಕಿದ್ದರು. ಹುಲಿಕೆರೆಯದನ್ನು ಕಾಳಾಚಾರಿ ಜನ್ಮದಲ್ಲಿ ಹೀಗೆ ಬತ್ತಲೆ ನೋಡಿದವನಲ್ಲ. ಹಾಗಾಗಿ ನೋಟಕ್ಕೆ ಏನೂ ಗೊತ್ತಾಗಲಿಲ್ಲ.

ಬಸವಕುಮಾರ್ ಮಂಡಿಯೂರಿ ಸೀಮೆಸುಣ್ಣ ತಿಕ್ಕಿದ. “ಮೂರು ಅಂಕಿ ಬಂತು ನೋಡಿ. ಒಂದು, ಎರಡು, ಹದಿನಾಲ್ಕು. ದೇಶದ ಹೆಸರಿಲ್ಲ. ಸೊಂಟದಲ್ಲಿ ತೂತಿದೆ. ರೈಲು ಬಂದ ಕಾಲದ್ದೇ ಆಚಾರ್ರೇ, ನಿಮ್ ಮುತ್ತಾತನ ಕಾಲದ್ದು.”

“ಆ ಕಾಲ್ದಾಗೆ ಇಂಥವು ಗಾಡಿ ಗಾಡಿ ಬಂದವೆ” ಎಂದ ಕಾಳಾಚಾರಿ.

“ತೂತಿನೊಳಗೆ ಕುಂಕುಮ ಇದೆ.”

“ಕುಂಕುಮ ಇಡದೆ ಇರೋ ಆಚಾರಿ ಯಾವನವ್ನೆ?”

“ಇಲ್ಲಿ ಕೈ ಇಡಿ. ಬೆನ್ನು ಸವೆದಿರೋದು ಯಾವ ಕಡೆ ನೋಡಿ. ಎಡಚನ ಕೆಲಸ ಅಲ್ವಾ ಇದು?”

ಕಾಳಾಚಾರಿ ಕೈ ಇಟ್ಟ. ತಗ್ಗು ಅಂಗೈಗೆ ಹೊಂದಿಕೊಂಡು ಕೂತಿತು. ಮೂಲೆ ಒಡೆದಿತ್ತು, ಅವನ ನೆನಪಿನಲ್ಲಿದ್ದದ್ದಕ್ಕಿಂತ ಒಂದಿಷ್ಟು ಹೆಚ್ಚೇ ಒಡೆದಿತ್ತು. ಅವನಿಗೆ ಅಲ್ಲೇ ಕೂತು ಅಳಬೇಕೆನಿಸಿತು, ಅತ್ತಿಗೆಗೆ ಫೋನು ಮಾಡಿ ‘ಸಿಕ್ತು’ ಎಂದು ಕೂಗಬೇಕೆನಿಸಿತು. ಆದರೆ ಜೀವಮಾನದ ಅಭ್ಯಾಸ ಬಿಡುತ್ತದೆಯೇ. ದನಿ ಕೇಳದೆ ಹೇಗೆ ಹೇಳುವುದು? ಅಡಿಗಲ್ಲನ್ನು ಎತ್ತಿ ಒಂದು ದಿಮ್ಮಿಯ ಮೇಲೆ ಇರಿಸಿದರು. ಅವನು ಬೂದಿ ಉದುರಿಸಿದ. ಗ್ಯಾಸಿನವನಿಗೆ ನಿಲ್ಲಿಸಲು ಕೈ ಮಾಡಿದ. ಗುಜರಿಯೆಲ್ಲ ಸುಮ್ಮನಾಯಿತು.

ಹೊಡೆದ.

ದಪ್ ಎಂದಿತು. ಮರದ ಕೊರಡಿಗೆ ಹೊಡೆದ ಹಾಗೆ. ಕಾಳಾಚಾರಿ ಕಣ್ಣು ಮುಚ್ಚಿಕೊಂಡೇ ಕಾದ. ಆ ಮೇಲಿನ ದನಿ, ಏಟಿನ ಬೆನ್ನಿಗೆ ಹುಟ್ಟಿ ಕಲ್ಯಾಣಿಯ ತನಕ ಹೋಗುತ್ತಿದ್ದ ಆ ದನಿ ಬರಲಿಲ್ಲ. ಇನ್ನೊಂದು ಹೊಡೆದ. ದಪ್. ಅವನ ಎದೆಯಲ್ಲಿ ಎದ್ದಿದ್ದದ್ದೆಲ್ಲ ದಡ್ ಎಂದು ಕೂತಿತು, ಕೂತದ್ದು ಸಿಟ್ಟಾಯಿತು.

“ಹೆಣ” ಎಂದ. “ಇದು ಸತ್ತೋಗಿರೋ ಹೆಣ. ಉಕ್ಕಿನ ತಟ್ಟೆ ಒಳಗೇ ಬಿಟ್ಕೊಂಡೈತೆ, ಇಲ್ಲ ನಡುವೆ ಬಿರುಕು ಬಿಟ್ಟೈತೆ. ನಮ್ದಲ್ಲ.”

ಬಸವಕುಮಾರ್ ಕೆಂಚಪ್ಪನ ಮುಖ ನೋಡಿದ. “ನಂಗೆ ಚೆನ್ನಾಗೇ ಕೇಳಿಸ್ತಲ್ಲ ಆಚಾರ್ರೇ? ಗಂಟೆ ಹೊಡೆದಂಗೆ ಕೇಳಿಸ್ತು.”

“ನಿಮ್ದು ಕೊಬ್ರಿ ಕುಲುಕಿ ನೋಡೋ ಕಿವಿ ಸಾವ್ಕಾರ್ರೇ. ಕಾಯಿ ಒಳಗೆ ಗಿಟುಕು ಗಡಗಡ ಅಂದ್ರೆ ನಿಮಗೆ ಅದೇ ಸಂಗೀತ. ಕಬ್ಬಿಣದ ವಿಚಾರ ನಂಗ್ ಬಿಡಿ.”

ಕೆಂಚಪ್ಪ ಗೊಳ್ಳೆಂದು ನಕ್ಕ. ಬಸವಕುಮಾರನೂ ನಕ್ಕ. ತನ್ನ ಕಿವಿಗೆ ಗಂಟೆಯಾದದ್ದು ಆಚಾರಿಯ ಕಿವಿಗೆ ಹೆಣವಾದರೆ ಆಚಾರಿಯ ಕಿವಿಯೇ ಸರಿಯಿರಬೇಕು ಎಂದುಕೊಂಡ. ಇಷ್ಟು ವರ್ಷ ಅದೇ ಸರಿಯಾಗಿತ್ತು ತಾನೆ?

“ಹಂಗಾದ್ರೆ ಯಾರಿಗೂ ಬ್ಯಾಡ್ವಾ? ಲಾರಿ ಹೊರಡ್ತಾ ಐತೆ, ಇಡೀದು ಕಾರ್ಖಾನೆ ಕುಲುಮೆ ಬಾಯಿಗೆ ಹಿಡಿಯಲ್ಲ ಅಂತಾರೆ. ಕೊಯ್ಸಿಬಿಡ್ಲಾ?” ಎಂದ ಕೆಂಚಪ್ಪ.

“ಕೊಯ್ಸು” ಎಂದ ಕಾಳಾಚಾರಿ.

ಮನೆಗೆ ಬಂದಾಗ ಇನ್ನೂ ಸಂಜೆಯ ಬಿಸಿಲಿತ್ತು. ಮನೆಯ ಮುಂದೆಯೇ ಕುಲುಮೆ, ಕುಲುಮೆಯ ಪಕ್ಕದಲ್ಲಿ ಡಾಕ್ಟರ್ ಶಿಲ್ಪಾಳ ಹಲ್ಲಿನ ಆಸ್ಪತ್ರೆ. ಆಕೆ ಅಲ್ಲಿಗೆ ಬಂದ ಹೊಸದರಲ್ಲಿ, “ಆಚಾರ್ರೇ, ನೀವು ಹೊಡೆದಾಗಲೆಲ್ಲ ನನ್ನ ಪೇಷೆಂಟುಗಳು ಕುರ್ಚಿಯಿಂದ ಎಗರುತ್ತಾರೆ, ನಾನು ಯಾವ ಹಲ್ಲು ಕೀಳಲಿ?” ಎಂದು ಕೈ ಮುಗಿದಿದ್ದಳು. ಮರ್ಯಾದಸ್ಥೆ ಎಂದು ಕಾಳಾಚಾರಿ ತನ್ನ ಅಡಿಗಲ್ಲಿನ ಸೊಂಟಕ್ಕೆ ದಪ್ಪ ಸರಪಳಿ ಬಿಗಿದು, ಅಡಿಗೆ ಲಾರಿ ಟೈರಿನ ತುಂಡು ಇಟ್ಟಿದ್ದ. ಹಾಗೆ ಬಿಗಿದರೆ ಅಡಿಗಲ್ಲಿನ ದನಿ ಸಾಯುತ್ತದೆ, ಏಟು ಮಾತ್ರ ಕೇಳುತ್ತದೆ. ಅಲ್ಲಿಂದ ಈಚೆಗೆ ಎಷ್ಟೋ ವರ್ಷ ಅವನು ಆ ದಪ್ ದಪ್‌ನಲ್ಲೇ ಕೆಲಸ ಮಾಡಿದ್ದ.

ಹೆಂಡತಿ ಜಾನಕಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. “ಏನಾಯ್ತು? ಸಿಕ್ತಾ?”

“ಇಲ್ಲ. ಯಾವುದೋ ಹೆಣ.”

“ಎಡಗಡೆ ಸವ್ದಿತ್ತು ಅಂತ ಸಾವ್ಕಾರ್ರು ಗುಜರಿಯಿಂದ್ಲೇ ಫೋನ್ ಮಾಡಿ ಹೇಳಿದ್ರಲ್ಲ. ಇನ್ನೊಂದ್ ಸತಿ ನೋಡ್ಬೌದಿತ್ತು.”

“ಎಡಚರು ನಮ್ಮನೇಲೊಬ್ರೇನಾ? ದನಿ ಇಲ್ಲ ಅಂತೀನಿ, ನಿಂಗೇನು ಗೊತ್ತಾಯ್ತದೆ ದನಿ ವಿಚಾರ? ಬಾ ಇಲ್ಲಿ. ದನಿ ಅಂದ್ರೇನು ಅಂತ ತೋರಿಸ್ತೀನಿ. ಇದು ದುಡ್ಡು ಕೊಟ್ ತಂದಿರೋ ಅಡಿಗಲ್ಲು, ಇದರ ದನೀನೇ ಕೇಳು. ಇನ್ನು ಮನೇದು ಎಂಗಿರ್ಬೇಕು ಲೆಕ್ಕ ಹಾಕು.”

ಅವನು ಸರಪಳಿಯ ಬೋಲ್ಟು ಬಿಚ್ಚಿದ. ಟೈರಿನ ತುಂಡನ್ನು ಹಾರೆಯಿಂದ ಮೀಟಿ ಎಳೆದ. ಸಿಟ್ಟಿನಲ್ಲಿ ಬೂದಿ ಉದುರಿಸುವುದನ್ನೂ ಮರೆತು, ಬರೀ ಅಡಿಗಲ್ಲಿಗೆ ಹೊಡೆದ.

ದಪ್.

ಸುತ್ತಿಗೆಯನ್ನು ತಿರುಗಿಸಿ ನೋಡಿದ. ಹಿಡಿ ಸಡಿಲವಾಗಿರಬೇಕೆಂದುಕೊಂಡ. ಬೇರೆ ಸುತ್ತಿಗೆ ತೆಗೆದುಕೊಂಡು ಇನ್ನೂ ಜೋರಾಗಿ ಹೊಡೆದ. ದಪ್. ಸಮ್ಮಟಿಗೆಯನ್ನೇ ಎತ್ತಿ, ತಲೆಯ ಮೇಲಿಂದ ತಂದು ಹೊಡೆದ. ಆಗ ಅವನ ಕಣ್ಣು ಜಾನಕಮ್ಮನ ಮೇಲೆ ಬಿತ್ತು. ಅವಳು ಎರಡೂ ಕಿವಿ ಮುಚ್ಚಿಕೊಂಡು ಮುಖ ಕಿವುಚಿದ್ದಳು. ಜಗುಲಿಯ ಕೆಳಗೆ ಮಲಗಿದ್ದ ನಾಯಿ ಬಾಲ ಮಡಚಿ ರಸ್ತೆ ದಾಟಿ ಓಡುತ್ತಿತ್ತು. ಪಕ್ಕದ ಬಾಗಿಲಿಂದ ಡಾಕ್ಟರ್ ಶಿಲ್ಪಾ ಕೈಗವಸು ಹಾಕಿಕೊಂಡೇ ಹೊರಗೆ ಬಂದಳು, ಅವಳ ಹಿಂದೆ ಬಾಯಿಗೆ ಹತ್ತಿ ಕಚ್ಚಿದ ಒಬ್ಬ ಮುದುಕ.

“ಏನ್ ಆಚಾರ್ರೇ ಇದು, ಕಿವಿ ತಮಟೆ ಹರಿದುಹೋಗೋ ಹಾಗೆ! ಸರಪಳಿ ಯಾಕೆ ಬಿಚ್ಚಿದ್ರಿ?”

ಕಾಳಾಚಾರಿ ಸಮ್ಮಟಿಗೆ ಹಿಡಿದುಕೊಂಡೇ ನಿಂತ. “ಜೋರಾಗಿ ಕೇಳಿಸ್ತಾ?” ಎಂದು ಕೇಳಿದ.

“ಇನ್ನೂ ಗುಂಯ್ ಅಂತಾನೇ ಇದೆಯಲ್ಲ, ನಿಮಗೆ ಕೇಳಿಸ್ತಿಲ್ವಾ?”

ಅವನಿಗೆ ಕೇಳಿಸುತ್ತಿರಲಿಲ್ಲ. ಅಡಿಗಲ್ಲಿನ ಮೈ ಮೇಲೆ ಅಂಗೈ ಇಟ್ಟ. ಕಬ್ಬಿಣ ಚರ್ಮದಡಿಯಲ್ಲಿ ಸಣ್ಣಗೆ ನಡುಗುತ್ತಿತ್ತು. ಕೈಗೆ ಸಿಕ್ಕಿದ್ದು ಕಿವಿಗೆ ಸಿಗಲಿಲ್ಲ. ಈಚೆಗೆ ಜೀರುಂಡೆಗಳೇ ಇಲ್ಲ, ತೋಟಗಳಿಗೆ ಔಷಧಿ ಹೊಡೆದು ಕೊಂದರು ಎಂದು ಅವನು ಈ ವರ್ಷವೆಲ್ಲ ಊರಿನ ಮುಂದೆಲ್ಲ ಬೈದುಕೊಂಡು ತಿರುಗಿದ್ದ. ಕುಕ್ಕರು ಕೂಗುವುದನ್ನೇ ಬಿಟ್ಟಿದೆ, ರಿಪೇರಿ ಮಾಡಿಸು ಎಂದು ಜಾನಕಮ್ಮನ ಮೇಲೆ ರೇಗಿದ್ದ. ಅವಳು ಆಗ ಏನೋ ಹೇಳಲು ಬಂದು ಸುಮ್ಮನಾಗಿದ್ದಳು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಜೀವಮಾನವಿಡೀ ಅಡಿಗಲ್ಲಿನ ಮುಂದೆ ನಿಂತು ಬಡಿದವನ ಕಿವಿಯಿಂದ ಅಡಿಗಲ್ಲಿನ ದನಿಯೇ ಮೊದಲು ಎದ್ದು ಹೋಗಿತ್ತು.

“ಕೊಯ್ಸು ಅಂದ್ಬಿಟ್ನಲ್ಲೇ” ಎಂದ ಹೆಂಡತಿಗೆ. ಅವಳಿಗೆ ಅರ್ಥವಾಗುವ ಮೊದಲೇ ರಸ್ತೆಗೆ ಓಡಿ ಆಟೊ ಹತ್ತಿದ.

ದಾರಿಯಲ್ಲೆಲ್ಲ ಅವನು ತನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತ. ಅಂಕಿ, ಕುಂಕುಮ, ಎಡಗೈ ಸವೆತ, ಮೂಲೆಯ ಒಡಕು. ಕದ್ದವರು ಎತ್ತಿ ಎಸೆದಾಡಿದ ಮೇಲೆ ಒಡಕು ದೊಡ್ಡದಾಗದೆ ಇರುತ್ತದೆಯೇ? ಎಲ್ಲವೂ ಅಲ್ಲೇ ಕಣ್ಣೆದುರಿಗೆ ಇತ್ತು. ಅಂಗೈಯೇ ಗುರುತು ಹಿಡಿದಿತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಆ ಬುದ್ಧಿ ಈಗ ಆಟೊದಲ್ಲಿ ಕೂತ ಕಾಳಾಚಾರಿಗೆ ಪೂರ್ತಿ ಬಂದಿತ್ತು.

ಲಾರಿ ಹೋಗಿತ್ತು. ಕೆಂಚಪ್ಪ ಚಹಾ ಕುಡಿಯುತ್ತಿದ್ದ. “ಏನ್ ಆಚಾರ್ರೇ, ಏನಾರ ಮರ್ತು ಹೋದ್ರಾ?”

“ಅಡಿಗಲ್ಲು.”

“ನೀವ್ ಅತ್ಲಾಗೆ ಹೋಗ್ತಿದ್ದಂಗೇ ಕೊಯ್ಸಿದೆ. ಹಿಂದ್ಗಡೆ ಅರ್ಧ ಲಾರಿಗೆ ಹೋಯ್ತು. ಕೊಂಬಿನ ತುಂಡು ಅಲ್ಲೈತೆ ನೋಡಿ, ಲಾರೀಲಿ ಜಾಗ ಸಾಲ್ಲಿಲ್ಲ.”

ಕೊಯ್ದ ಕಡೆ ಕಬ್ಬಿಣ ಮೇಣದ ಹಾಗೆ ಇಳಿದು ಹೆಪ್ಪುಗಟ್ಟಿತ್ತು. ಇನ್ನೂ ಬಿಸಿ ಆರಿರಲಿಲ್ಲ. ಎಡಗೈ ಏಟಿನ ತಗ್ಗಿನ ನಡುವೆಯೇ ಗ್ಯಾಸಿನ ಗೆರೆ ಹಾದುಹೋಗಿತ್ತು. ಉಳಿದ ತಗ್ಗಿನಲ್ಲಿ ನಾಲ್ಕು ಬೆರಳು ಮಾತ್ರ ಹಿಡಿಯುತ್ತಿತ್ತು. ಕಾಳಾಚಾರಿ ಆ ನಾಲ್ಕು ಬೆರಳಿಟ್ಟುಕೊಂಡು ಮಣ್ಣಿನಲ್ಲಿ ಕೂತು ಅತ್ತ. ಅಣ್ಣ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ. ಕೆಂಚಪ್ಪ ಗಾಬರಿಯಾಗಿ ಬಸವಕುಮಾರನಿಗೆ ಫೋನು ಮಾಡಿದ. ಅವನು ಬಂದು, ವಿಷಯ ತಿಳಿದು, ಲಾರಿಯ ಹಿಂದೆ ಹೋಗಿ ಇನ್ನರ್ಧ ತರುತ್ತೇನೆ ಎಂದು ಹೊರಟ. ಕಾಳಾಚಾರಿಯೇ ತಡೆದ.

“ಎರಡು ತುಂಡು ಜೋಡ್ಸಿದ್ರೆ ದನಿ ಬತ್ತದಾ ಸಾವ್ಕಾರ್ರೇ? ನೀವ್ ಹೇಳಿದ್ದೇ ದಿಟ. ಗಂಟೆ ಹೊಡೆದಂಗೇ ಕೇಳಿಸಿರ್ತದೆ. ಕಡೇ ಸತಿ ಅದರ ದನಿ ಕೇಳ್ದೋರು ನೀವೇ.”

ತಾನು ಇನ್ನೊಂದು ಮಾತು ಗಟ್ಟಿಯಾಗಿ ಹೇಳಬಹುದಿತ್ತು, ತಾನಾದರೂ ಕೊಂಡು ಗೋದಾಮಿನಲ್ಲಿ ಇಡಬಹುದಿತ್ತು ಎಂದು ಬಸವಕುಮಾರನಿಗೂ ಅನ್ನಿಸಿತು. ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳಿ ಆಗಬೇಕಾದ್ದೇನಿತ್ತು? ಇಬ್ಬರೂ ಸೇರಿ ತುಂಡನ್ನು ಗೋಣಿಚೀಲದಲ್ಲಿ ಸುತ್ತಿದರು.

ಅಮಾವಾಸ್ಯೆಯ ಬೆಳಿಗ್ಗೆ ಬಸವಕುಮಾರ್ ಕಾರಿನಲ್ಲಿ ಅವನನ್ನೂ ಆ ಚೀಲವನ್ನೂ ಹುಲಿಕೆರೆಗೆ ಬಿಟ್ಟು, ಒಳಗೆ ಬರುವ ಧೈರ್ಯವಿಲ್ಲದೆ ಕಲ್ಯಾಣಿಯ ಹತ್ತಿರ ಕಾರು ನಿಲ್ಲಿಸಿಕೊಂಡು ಕೂತ. ಎಲ್ಲವನ್ನೂ ಹೇಳಿಬಿಡಬೇಕೆಂದು ಕಾಳಾಚಾರಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ‘ಸಿಕ್ಕಿತ್ತು ಅತ್ಗೆ, ನಾನೇ ಕೊಯ್ಸಿದೆ. ನನ್ ಕಿವಿ ಹೋಗೈತೆ.’ ಇಷ್ಟೇ ಹೇಳಬೇಕಾದದ್ದು. ಸಿಕ್ಕ ತುಂಡಿಗಾದರೂ ಎಡೆ ಇಟ್ಟರೆ ಅಣ್ಣ ಒಪ್ಪಿಯಾನು ಎಂಬ ಸಣ್ಣ ಆಸೆಯೂ ಇತ್ತು.

ವೆಂಕಟಲಕ್ಷ್ಮಮ್ಮ ಎಡೆ ಇಕ್ಕಲ್ಲ ಎಂದವಳು, ಮೈದುನ ಏನೋ ಹೊತ್ತು ತರುತ್ತಿದ್ದಾನೆಂದು ಜಾನಕಮ್ಮನಿಂದ ಕೇಳಿ, ಬೆಳಗಿನ ಜಾವಕ್ಕೇ ಎದ್ದು ಅಡುಗೆ ಮಾಡಿದ್ದಳು. ಕುಲುಮೆಯನ್ನು ಸಗಣಿಯಿಂದ ಸಾರಿಸಿ, ಕೊರಡು ತೊಳೆದು, ಸುತ್ತ ರಂಗೋಲಿ ಎಳೆದಿದ್ದಳು. ಬಾಳೆಲೆಯ ಪಕ್ಕದಲ್ಲಿ ಪಾತ್ರೆಗಳು ಮುಚ್ಚಿಕೊಂಡು ಕೂತಿದ್ದವು, ಗಂಡನಿಗೆ ಇಷ್ಟವೆಂದು ಮಾಡಿದ ಹುರುಳಿಕಾಳು ಸಾರಿನ ವಾಸನೆ ಮನೆ ತುಂಬಿತ್ತು. ಕಾಳಾಚಾರಿ ಗೋಣಿ ಬಿಚ್ಚಿ ತುಂಡನ್ನು ಕೊರಡಿನ ಮೇಲೆ ಇಟ್ಟ.

ಅವಳು ಅದನ್ನು ಬಹಳ ಹೊತ್ತು ನೋಡಿದಳು. “ಇದ್ಯಾಕೆ ಹಿಂಗೈತೆ?”

“ಕೊಯ್ದವ್ರೆ ಅತ್ಗೆ. ಇದು…”

“ಇರ್ಲಿ ಬಿಡು, ಮಾತಾಡ್ಬೇಡ. ಮುರುದ್ರೂ ಚಿಂತಿಲ್ಲ. ಮೊದಲು ದನಿ ಕೇಳ್ಸು” ಎಂದಳು. ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತಳು. ಪೂರಾ ಬೆನ್ನಲ್ಲ, ಅರ್ಧ ಮುಖ ಅವನಿಗೆ ಕಾಣುತ್ತಿತ್ತು. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತ ಹಾಗೆ ಮಡಿಲಲ್ಲಿ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದಳು.

ಕಾಳಾಚಾರಿ ಹೊಡೆದ. ಅವನಿಗೆ ದಪ್ ಎಂದಿತು. ಅವಳಿಗೆ ಏನೆಂದಿತೋ ತಿಳಿಯಲು ಅವನು ಅವಳ ಮುಖವನ್ನೇ ನೋಡಿದ. ಒಂದು ಕ್ಷಣ ಆ ಮುಖ ಎತ್ತಿಕೊಂಡು ಕಾದಿತು. ಹುಬ್ಬು ಕೂಡಿತು. ಅವನು ಇನ್ನೊಂದು ಹೊಡೆದ, ಬೇಡಿಕೊಳ್ಳುವವನ ಹಾಗೆ ಮತ್ತೊಂದು ಹೊಡೆದ. ಕಾಯುತ್ತಿದ್ದ ಮುಖ ನಿಧಾನಕ್ಕೆ ಕೆಳಗಿಳಿಯಿತು. ಆಮೇಲೆ, ಅವನು ನೆನೆಸದೆ ಇದ್ದದ್ದೊಂದು ಆಯಿತು. ಅವಳು ಕಣ್ಣು ತೆರೆದು ನಿರಾಳವಾಗಿ ಉಸಿರು ಬಿಟ್ಟಳು.

“ಇದು ನಮ್ದಲ್ಲ ಕಾಳಪ್ಪ.”

“ಅತ್ಗೆ, ಇದೇ…”

“ಅಲ್ಲ ಕಣೋ. ನಂಗೆ ಗೊತ್ತಾಗಲ್ವಾ? ಎಷ್ಟು ವರ್ಷ ಕೇಳಿವ್ನಿ. ನೀನೇ ಹೇಳಿದ್ದಲ್ಲ, ದನಿ ಇಲ್ದಿದ್ರೆ ಯಾರ್ ಏನ್ ಹೇಳಿದ್ರೂ ನಮ್ದಲ್ಲ ಅಂತ. ಕೊಯ್ದಿರೋದ್ ನೋಡಿ ಎದೆ ಒಡ್ದೋಗಿತ್ತು ನಂಗೆ. ಸದ್ಯ, ನಮ್ದಲ್ಲ. ನಮ್ದು ಎಲ್ಲೋ ಇಡಿಯಾಗೈತೆ. ಯಾರೋ ಒಬ್ಬ ಪುಣ್ಯಾತ್ಮ ಅದ್ರ ಮೇಲೆ ಬಡೀತಾ ಅವ್ನೆ.”

ಅವಳು ಒಳಗೆ ಬಂದು ಬಾಳೆಲೆಯನ್ನು ಮಡಚಿದಳು. ಎಡೆಗೆ ಇಟ್ಟಿದ್ದ ಪಾತ್ರೆಗಳನ್ನು ಒಂದರ ಮೇಲೊಂದು ಎತ್ತಿಕೊಂಡಳು. ಕಾಳಾಚಾರಿಯ ಬಾಯಿಯಲ್ಲಿ ಆ ಮೂರು ಮಾತು ಇನ್ನೂ ಇದ್ದವು. ಹೇಳಿದರೆ ಈ ನಿರಾಳವನ್ನು ಅವಳ ಮುಖದಿಂದ ಕಿತ್ತುಕೊಳ್ಳಬೇಕು. ಹೇಳದಿದ್ದರೆ ಅವಳು ಜೀವವಿರುವ ತನಕ ಕಾಯುತ್ತಾಳೆ, ಅಣ್ಣನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ಎರಡೂ ಅವನದೇ ಕೆಲಸ. ಅವನು ಗೋಣಿಯನ್ನು ಎಳೆದು ತುಂಡಿನ ಮೇಲೆ ಮುಚ್ಚಿದ.

“ನಿಮ್ಮಣ್ಣ ಇನ್ನೊಂದ್ ವರ್ಷ ತಡ್ಕಂತಾರೆ. ಅದಕ್ಕೇನು, ನಿನ್ ಕಿವಿ ಐತಲ್ಲ” ಎಂದಳು ವೆಂಕಟಲಕ್ಷ್ಮಮ್ಮ.

ಅವಳು ಅಡುಗೆಮನೆಯ ಕಡೆ ತಿರುಗಿ, ಹೋಗುತ್ತಲೇ ಇನ್ನೂ ಏನೋ ಹೇಳುತ್ತಿದ್ದಳು. ಬೆನ್ನು ತಿರುಗಿದ್ದರಿಂದ ಅದು ಏನೆಂದು ಕಾಳಾಚಾರಿಗೆ ಕೇಳಿಸಲಿಲ್ಲ. ಮಾತು ನಿಂತಿರಬೇಕೆಂದು ಅಂದಾಜಾದ ಮೇಲೆ ಅವನು, “ಹೂಂ ಅತ್ಗೆ, ಹುಡುಕ್ತೀನಿ” ಎಂದ.